ದೇವರ ಮನೆಯ ಬಲ್ಬು ಮತ್ತು 7 ಮೆಗಾಹರ್ಟ್ಸ್

ಬೆಳಗ್ಗೆ ಆರು ಗಂಟೆಗೆಲ್ಲ 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ 7 ಮೆಗಾಹರ್ಟ್ಸ್ ಸುತ್ತ, ಹವ್ಯಾಸಿ ರೇಡಿಯೋದವರಾದ ಹ್ಯಾಮ್‌ಗಳ ಹರಟೆ ಶುರುವಾಗಿರುತ್ತದೆ. ತಿಂಡಿ ಏನು, ನಿಮ್ಮಲ್ಲಿ ಮಳೆ ಬಂತಾ, ಹೊಸ ಆಂಟೆನಾ ಹೇಗೆ ಕೆಲಸ ಮಾಡ್ತಾ ಇದೆ ಅಂತ. ಇದನ್ನು ಕೇಳುವ ಆಸೆಯಿಂದಲೇ ನಾನು ಆರ್‌ಟಿಎಲ್ ಡಾಂಗಲ್ ಕೊಂಡಿದ್ದು. ಲ್ಯಾಪ್‌ಟಾಪನ್ನೇ ರೇಡಿಯೋ ಮಾಡುವ ಪುಟ್ಟ ಯುಎಸ್‌ಬಿ ಕಡ್ಡಿ ಅದು. ಮೈಸೂರಿನ ಗೋಕುಲಂನಲ್ಲಿ ನಮ್ಮ ಮನೆ. ಕಿಟಕಿಯಿಂದ ಹತ್ತು ಮೀಟರ್ ವೈರು ಹೊರಗೆ ಎಳೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಕೇಳಿದ್ದು ಜೀರುಂಡೆ. ಪರದೆಯ ಮೇಲೆ ಸಿಗ್ನಲ್‌ಗಳನ್ನು ಬಣ್ಣದಲ್ಲಿ ತೋರಿಸುವ ವಾಟರ್‌ಫಾಲ್‌ನಲ್ಲಿ ಉದ್ದಕ್ಕೂ ಹಳದಿ ಪಟ್ಟೆ, ಕಂಬಳಿ ಹೊದ್ದ ಹಾಗೆ. ಮನುಷ್ಯರ ಧ್ವನಿ ಎಲ್ಲೋ ಅದರಡಿ ಸಿಕ್ಕಿಕೊಂಡಿತ್ತು.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಗದ್ದಲ ಕೇಳಿದ ಕೂಡಲೇ ಸಾಫ್ಟ್‌ವೇರ್ ಕಡೆ ಕೈ ಹೋಯ್ತು. ನಾಯ್ಸ್ ರಿಡಕ್ಷನ್ ಒತ್ತಿದೆ, ನಾಯ್ಸ್ ಬ್ಲ್ಯಾಂಕರ್ ಒತ್ತಿದೆ, ಒಂದು ಪ್ರೋಗ್ರಾಂ ಬಿಟ್ಟು ಇನ್ನೊಂದು ಹಾಕಿದೆ. ಎರಡು ವಾರ ಹೀಗೇ ಹೋಯ್ತು. ಜೀರುಂಡೆ ಸ್ವಲ್ಪ ಮೆತ್ತಗಾಗಿ, ಮಾತಾಡುವವರು ಬಾವಿಯೊಳಗೆ ಕೂತು ಮಾತಾಡಿದ ಹಾಗಾಯಿತು, ಅಷ್ಟೇ.

ಕಣ್ಣು ತೆರೆಸಿದ್ದು ಪವರ್ ಕಟ್. ಒಂದು ಬೆಳಗ್ಗೆ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿತ್ತು. ಗದ್ದಲ ಕಡಿಮೆಯಾಗುತ್ತೆ ಅಂದುಕೊಂಡರೆ ಇನ್ನೂ ಜೋರಾಯಿತು. ಮನೆಯ ಇನ್ವರ್ಟರ್ ಎದ್ದಿತ್ತಲ್ಲ! ಎದ್ದು ಹೋಗಿ ಅದನ್ನೂ ಆರಿಸಿ ಬಂದು ನೋಡುತ್ತೇನೆ, ವಾಟರ್‌ಫಾಲ್ ಕಡು ನೀಲಿ. ಅದರ ಮೇಲೆ ಐದಾರು ತೆಳ್ಳನೆಯ ಗೆರೆ. ಒಂದರ ಮೇಲೆ ಕ್ಲಿಕ್ ಮಾಡಿದೆ. ಯಾರೋ ಹಿರಿಯರು ಸ್ಪಷ್ಟವಾಗಿ, "ಏನ್ ಸಾರ್, ಕಾಫಿ ಆಯ್ತಾ?" ಅಂದರು. ಗದ್ದಲ ಆಕಾಶದಿಂದ ಬರುತ್ತಿರಲಿಲ್ಲ, ನಮ್ಮ ಮನೆಯೇ ಗದ್ದಲ.

ಕರೆಂಟು ಬಂದ ಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತಾ ಬಂದೆ. ಮೊದಲು ಮೇನ್ ಇಳಿಸಿ ಲೆವೆಲ್ ಬರೆದಿಟ್ಟುಕೊಂಡೆ: 7.1 ಮೆಗಾಹರ್ಟ್ಸ್‌ನಲ್ಲಿ ಮೈನಸ್ 82 ಡಿಬಿ (ಡೆಸಿಬೆಲ್, ಮೈನಸ್ ಹೆಚ್ಚಿದಷ್ಟೂ ಗದ್ದಲ ಕಡಿಮೆ). ಎಲ್ಲ ಹಾಕಿದಾಗ ಮೈನಸ್ 62. ಈ 20 ಡಿಬಿ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಕೆಲಸ. ಇದಕ್ಕೆ ಲ್ಯಾಪ್‌ಟಾಪು ಬೇಡ. ಮೀಡಿಯಂ ವೇವ್ ಇರುವ ಸಣ್ಣ ಬ್ಯಾಟರಿ ರೇಡಿಯೋ ಸಾಕು. ಸ್ಟೇಷನ್ ಇಲ್ಲದ ಜಾಗಕ್ಕೆ ಟ್ಯೂನ್ ಮಾಡಿ, ಕೈಯಲ್ಲಿ ಹಿಡಿದು ಮನೆಯೆಲ್ಲಾ ಸುತ್ತಿದೆ. ಗೊರ್ ಎನ್ನುವ ಸದ್ದು ಏರಿದ ಕಡೆ ಕಳ್ಳ.

ಮೊದಲನೆಯವನು ವೈಫೈ ರೌಟರ್‌ನ ಅಡಾಪ್ಟರ್. ವಾಟರ್‌ಫಾಲ್‌ನಲ್ಲಿ ಸುಮಾರು 65 ಕಿಲೋಹರ್ಟ್ಸ್‌ಗೊಂದರಂತೆ ಏಣಿಯ ಮೆಟ್ಟಿಲಿನ ಹಾಗೆ ನಿಂತಿದ್ದ ಪಟ್ಟೆಗಳು ಅವನವೇ. ಸ್ವಿಚಿಂಗ್ ಸಪ್ಲೈ ಆ ವೇಗದಲ್ಲಿ ಕರೆಂಟನ್ನು ಕತ್ತರಿಸುತ್ತದೆ, ಅದರ ಹಾರ್ಮೋನಿಕ್‌ಗಳು, ಅಂದರೆ ಎರಡು ಪಟ್ಟು, ಮೂರು ಪಟ್ಟು ಹೀಗೆ ಏರುವ ಫ್ರೀಕ್ವೆನ್ಸಿಗಳು, ಶಾರ್ಟ್ ವೇವ್ ತನಕ ಹಬ್ಬುತ್ತವೆ. ಅಡಾಪ್ಟರ್ ಬಿಸಿಯಾದಂತೆಲ್ಲ ಪಟ್ಟೆಗಳು ಮೆಲ್ಲಗೆ ಪಕ್ಕಕ್ಕೆ ಸರಿಯುವುದನ್ನು ನೋಡಿದರೆ ಅವನೇ ಎಂದು ಖಾತ್ರಿ. ಅದನ್ನು ಕಿತ್ತು ಹಳೇ ಕಾಲದ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, 12 ವೋಲ್ಟಿಗೆ ನಿಲ್ಲಿಸುವ 7812 ಚಿಪ್ಪು ಹಾಕಿ ನಾನೇ ಒಂದು ಲೀನಿಯರ್ ಸಪ್ಲೈ ಕಟ್ಟಿದೆ. ಇಟ್ಟಿಗೆಯಷ್ಟು ಭಾರ, ಮುಟ್ಟಿದರೆ ಬಿಸಿ. ಆದರೆ ಸದ್ದಿಲ್ಲ.

ಎರಡನೆಯವನು ಫ್ಯಾನಿನ ರೆಗ್ಯುಲೇಟರ್. ಗುಂಡಿ ತಿರುಗಿಸಿದರೆ ವೇಗ ನಯವಾಗಿ ಏರಿಳಿಯುವ ಜಾತಿ. ಒಳಗಿನ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಸೆಕೆಂಡಿಗೆ 100 ಸಲ ಕರೆಂಟನ್ನು ಪಟ್ ಪಟ್ ಅಂತ ಹಚ್ಚುತ್ತದೆ. ಕಟ್ ಕಟ್ ಅಂತ ಐದು ಹಂತ ಬದಲಿಸುವ, ಕೆಪಾಸಿಟರ್ ಇರುವ ಮಾದರಿ ಹಾಕಿಸಿದೆ. ಆ ಕೊರೆತ ನಿಂತಿತು.

ಮೂರನೆಯದು ದೇವರ ಮನೆ. ಅಮ್ಮ ಹಗಲು ರಾತ್ರಿ ಉರಿಸುವ ಎಲ್‌ಇಡಿ ಬಲ್ಬು. ರೇಡಿಯೋ ಅದರ ಹತ್ತಿರ ಒಯ್ದರೆ ಹುಲಿ ಗುರುಗುಟ್ಟಿದ ಹಾಗೆ. ಆರಿಸಬೇಕು ಅಂದರೆ, "ನಿನ್ನ ರೇಡಿಯೋಗೋಸ್ಕರ ದೇವರನ್ನ ಕತ್ತಲಲ್ಲಿ ಕೂರಿಸ್ಲಾ?" ಅಂದರು. ಅರ್ಧ ವ್ಯಾಟಿನ ಪುಟ್ಟ ಬಲ್ಬು ತಂದೆ. ಅದರಲ್ಲಿ ಸ್ವಿಚಿಂಗ್ ಇರಲಿಲ್ಲ, ಪೂರ್ತಿ ಮೌನ. ಆದರೆ ಬೆಳಕು ದೇವರಿಗೂ ಸಾಲದು, ಅಮ್ಮನಿಗೂ ಸಾಲದು. ಕೊನೆಗೆ ರೇಡಿಯೋ ಹಿಡಿದುಕೊಂಡೇ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಒಂದೊಂದೇ ಬಲ್ಬು ಹೊತ್ತಿಸಿ, ಪಕ್ಕದಲ್ಲಿ ರೇಡಿಯೋ ಹಿಡಿದು ನೋಡುವುದು. ಅಂಗಡಿಯವರು ಮೊದಲು ನಕ್ಕರು, ನಾಲ್ಕನೇ ಬಲ್ಬಿಗೆ ಅವರಿಗೇ ಕುತೂಹಲ ಹುಟ್ಟಿತು. ಆರನೆಯದು ಪಾಸಾಯಿತು. ಬೆಲೆಗೂ ಮೌನಕ್ಕೂ ಸಂಬಂಧವೇ ಇರಲಿಲ್ಲ, ಅತಿ ದುಬಾರಿಯದೇ ಅತಿ ಗಲಾಟೆಯದಾಗಿತ್ತು.

ಇಷ್ಟಕ್ಕೇ 11 ಡಿಬಿ ಇಳಿಯಿತು.

ಆಮೇಲೆ ಫೆರೈಟ್, ಕೇಬಲ್ ಹಿಡಿದು ಬರುವ ಗದ್ದಲವನ್ನು ತಡೆಯುವ ಕಪ್ಪು ಉಂಗುರ. ಯುಎಸ್‌ಬಿ ಕೇಬಲ್ಲಿಗೆ ಕ್ಲಿಪ್ ಮಾಡುವ ಉಂಗುರ ಒಂದಿದ್ದರೆ ಸಾಕು ಎನ್ನುತ್ತಾರಲ್ಲ, ಅದನ್ನು ನಂಬಿ ನಾಲ್ಕು ತಂದು ಸಿಕ್ಕಿಸಿದೆ. 7 ಮೆಗಾಹರ್ಟ್ಸ್‌ನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೇಬಲ್ ಒಂದೇ ಸಲ ತೂರಿ ಹೋದರೆ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಅದು ತಡೆಯುವುದು ಅಷ್ಟರಲ್ಲೇ ಇದೆ. ಸುತ್ತು ಹೆಚ್ಚಿದಂತೆ ತಡೆ ಅದರ ವರ್ಗದಂತೆ ಏರುತ್ತದೆ: ಒಂದು ಸುತ್ತಿಗೆ ಒಂದು ಪಾಲಾದರೆ ಹತ್ತು ಸುತ್ತಿಗೆ ಹೆಚ್ಚೂಕಡಿಮೆ ನೂರು ಪಾಲು. ಹಾಗಾಗಿ 31 ಮಿಕ್ಸ್ ಎನ್ನುವ ಜಾತಿಯ ಫೆರೈಟಿನ ದೊಡ್ಡ ರಿಂಗ್ ಒಂದನ್ನು ತರಿಸಿ, ಆಂಟೆನಾದಿಂದ ಬರುವ ತೆಳು ಕೋಆಕ್ಸ್ (ಟಿವಿ ಕೇಬಲ್ ಜಾತಿಯ) ಕೇಬಲ್ಲನ್ನೇ ಅದಕ್ಕೆ ಹನ್ನೆರಡು ಸುತ್ತು ಸುತ್ತಿದೆ. ಕೋಆಕ್ಸ್‌ನ ಹೊರಮೈ ಹಿಡಿದು ಮನೆಯ ಕೊಳೆಯೆಲ್ಲ ಆಂಟೆನಾ ತನಕ ಹತ್ತುತ್ತಿತ್ತು, ಅದಕ್ಕೆ ಬಾಗಿಲು ಹಾಕಿದಂತಾಯಿತು.

ಕಿಟಕಿಯ ವೈರನ್ನೂ ಬಿಟ್ಟೆ. ತಾರಸಿಯ ಮೂಲೆಯಲ್ಲಿ, ಮನೆಯ ವೈರಿಂಗಿನಿಂದ ಆದಷ್ಟು ದೂರಕ್ಕೆ, ಒಂದು ಮೀಟರ್ ಅಗಲದ ಲೂಪ್ ನಿಲ್ಲಿಸಿದೆ. ಲೂಪಿನ ಗುಣ ಅಂದರೆ ಅದರ ಬಳೆಯ ತೂತಿನ ದಿಕ್ಕಿನಿಂದ ಬರುವುದಕ್ಕೆ ಅದು ಕಿವುಡು. ಆ ಕಿವುಡುತನ ಬಹಳ ಚೂಪು, ನಾಲ್ಕೈದು ಡಿಗ್ರಿ ಆಚೀಚೆ ಆದರೂ ಕೈ ತಪ್ಪಿಹೋಗುತ್ತದೆ. ಪಕ್ಕದ ಮನೆಯವರ ಸೋಲಾರ್ ಇನ್ವರ್ಟರ್ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಏಳುತ್ತದೆ, ಮುಳುಗುವ ಹೊತ್ತಿಗೆ ಮಲಗುತ್ತದೆ. ಲೂಪಿನ ತೂತನ್ನು ಆ ಮನೆಗೆ ತಿರುಗಿಸಿ ಕಟ್ಟಿದೆ. ಅವರ ಹತ್ತಿರ ಮಾತಾಡಬಹುದಿತ್ತು, ಆದರೆ ನಿಮ್ಮ ಸೋಲಾರ್‌ನಿಂದ ನನ್ನ ಹರಟೆಗೆ ತೊಂದರೆ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು?

ಇದೆಲ್ಲ ಆದ ಮೇಲೂ ಒಂದು ವಿಚಿತ್ರ ಉಳಿದಿತ್ತು. 14.2 ಮೆಗಾಹರ್ಟ್ಸ್ ಸುತ್ತ ಒಂದು ಅಗಲವಾದ ಗುಡ್ಡೆ. ಹ್ಯಾಮ್‌ಗಳ 20 ಮೀಟರ್ ಬ್ಯಾಂಡಿನ ನಡು ಮಧ್ಯ. ಸುಮ್ಮನೆ ಎಫ್‌ಎಂ ಮೋಡಿಗೆ ಹಾಕಿ ಕೇಳಿದೆ. ಭಾವಗೀತೆ! ಮೈಸೂರು ಆಕಾಶವಾಣಿ! ಅವರು ಇರುವುದು 100.6 ಮೆಗಾಹರ್ಟ್ಸ್‌ನಲ್ಲಿ, ಇಲ್ಲೇನು ಕೆಲಸ? ಕಾಗದ ಪೆನ್ನು ತಗೊಂಡು ಕೂತೆ. ನನ್ನ ಮೊದಲ ಡಾಂಗಲ್ ಹಳೆಯದು. ಶಾರ್ಟ್ ವೇವ್ ಬರಲಿ ಅಂತ ಅದರ ಚಿಪ್ಪಿನ ಕಾಲಿಗೇ ನಾನು ವೈರು ಬೆಸೆದಿದ್ದೆ, ಡೈರೆಕ್ಟ್ ಸ್ಯಾಂಪ್ಲಿಂಗ್ ಎನ್ನುವ ಜುಗಾಡು. ಅದು ಸೆಕೆಂಡಿಗೆ 28.8 ಮಿಲಿಯನ್ ಸಲ ಅಳತೆ ಮಾಡುತ್ತದೆ. 28.8ರ ಮೂರು ಪಟ್ಟು 86.4. 100.6ರಿಂದ ಕಳೆದರೆ 14.2. ಸರಿಯಾಗಿ ಕೂತುಬಿಟ್ಟಿತು! ಓಡುವ ಗಾಡಿಯ ಚಕ್ರ ಸಿನಿಮಾದಲ್ಲಿ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೇ ಆಟ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ ಊರಲ್ಲವೇ ಇದು, ಕರೆಯದ ಕಡೆಗೂ ಆಕಾಶವಾಣಿ ಬರುತ್ತದೆ ಅಂತ ನಗು ಬಂತು. ತಪ್ಪು ಯಾದವಗಿರಿಯಲ್ಲಿರುವ ಆಕಾಶವಾಣಿಯವರದಲ್ಲ, ಬಾಗಿಲಿಲ್ಲದ ನನ್ನ ಡಾಂಗಲ್ಲಿನದು. ಮೂರು ಕಾಯಿಲ್, ನಾಲ್ಕು ಕೆಪಾಸಿಟರ್ ಸೇರಿಸಿ 30 ಮೆಗಾಹರ್ಟ್ಸ್‌ಗಿಂತ ಮೇಲಿನದನ್ನು ಬಿಡದ ಲೋ ಪಾಸ್ ಫಿಲ್ಟರ್ ಕಟ್ಟಿ ಹಳೇ ಟಿನ್ ಡಬ್ಬಿಯೊಳಗೆ ಕೂರಿಸಿದೆ. ಭಾವಗೀತೆ ನಿಂತಿತು.

ಈಗ ಶಾರ್ಟ್ ವೇವನ್ನು ಮೇಲಿನ ಫ್ರೀಕ್ವೆನ್ಸಿಗೆ ಏರಿಸಿಕೊಡುವ ಅಪ್‌ಕನ್ವರ್ಟರ್ ಒಳಗೇ ಇರುವ ಡಾಂಗಲ್ ಬಂದಿದೆ. ಅದರಲ್ಲಿ ಗೇನ್, ಅಂದರೆ ಸಿಗ್ನಲ್ ಎಷ್ಟು ಹಿಗ್ಗಬೇಕು ಎನ್ನುವುದನ್ನು, ಏರಿಸಿ ಇಳಿಸಬಹುದು, ಇಳಿಸುವುದೇ ಹೆಚ್ಚು. ಈ ಡಾಂಗಲ್‌ಗಳಿಗಿರುವುದು 8 ಬಿಟ್, ಅಂದರೆ 256 ಮೆಟ್ಟಿಲು, ಸುಮಾರು 50 ಡಿಬಿ ಹರವು. ಬೆಂಗಳೂರಿನ 612 ಕಿಲೋಹರ್ಟ್ಸ್ ಸ್ಟೇಷನ್ 200 ಕಿಲೋವ್ಯಾಟ್‌ನದು, ಇಲ್ಲಿಗೂ ಧಾರಾಳವಾಗಿ ಕೇಳುತ್ತದೆ. ಅಂಥ ಒಂದು ಜೋರು ದನಿ ಮೆಟ್ಟಿಲನ್ನೆಲ್ಲ ತಿಂದರೆ, ಓಲಗದ ಪಕ್ಕ ಕೂತು ಪಿಸುಮಾತು ಕೇಳಲು ಹೊರಟಂತೆ. ಗೇನ್ ಒಂದು ಹಂತ ಏರಿಸಿದಾಗ ಹಿನ್ನೆಲೆಯ ಗದ್ದಲವೂ ಸ್ಟೇಷನ್ನೂ ಒಟ್ಟಿಗೆ ಏರಿದರೆ ಲಾಭವಿಲ್ಲ. ಗದ್ದಲ ಮಾತ್ರ ಏರಿ, ಇಲ್ಲದ ಕಡೆ ದೆವ್ವದಂತೆ ಸ್ಟೇಷನ್ನುಗಳು ಕಾಣಿಸಿಕೊಂಡರೆ ಎರಡು ಹಂತ ಹಿಂದಕ್ಕೆ ಬನ್ನಿ. ಇನ್ನೊಂದು ಪರೀಕ್ಷೆ ಇದಕ್ಕಿಂತ ಸುಲಭ: ಆಂಟೆನಾ ಬಿಚ್ಚಿ. ಗದ್ದಲ ಕೆಳಗಿಳಿಯದೆ ಇದ್ದಲ್ಲೇ ಇದ್ದರೆ ಅದು ನಿಮ್ಮ ಕಂಪ್ಯೂಟರಿನದು ಇಲ್ಲವೇ ಡಾಂಗಲ್ಲಿನದು, ಆಂಟೆನಾ ಬದಲಿಸಿ ಪ್ರಯೋಜನವಿಲ್ಲ. ನನ್ನ ಡಾಂಗಲ್ ಲ್ಯಾಪ್‌ಟಾಪಿಗೆ ಅಂಟಿಕೊಂಡು ಕೂತಿರುವುದಿಲ್ಲ, ಒಂದೂವರೆ ಮೀಟರ್ ಯುಎಸ್‌ಬಿ ಕೇಬಲ್ಲಿನ ತುದಿಯಲ್ಲಿರುತ್ತದೆ. ಕೇಳುವಾಗ ಚಾರ್ಜರ್ ಕಿತ್ತಿರುತ್ತೇನೆ.

ಸಾಫ್ಟ್‌ವೇರಿಗೆ ಕೊನೆಯ ಕೆಲಸ ಮಾತ್ರ. ಫಿಲ್ಟರ್ ಅಗಲ ಕಡಿಮೆ ಮಾಡುವುದು ಎಲ್ಲಕ್ಕಿಂತ ನಂಬಿಗಸ್ತ ಉಪಾಯ: 10 ಕಿಲೋಹರ್ಟ್ಸ್‌ನಿಂದ 2.5ಕ್ಕೆ ತಂದರೆ ಒಳಬರುವ ಗದ್ದಲ 6 ಡಿಬಿ ಇಳಿಯುತ್ತದೆ. ಮಾತಿಗೆ 2.4 ಸಾಕು. ಟಿಕ್ ಟಿಕ್ ಎನ್ನುವ ಸದ್ದಿಗೆ ನಾಯ್ಸ್ ಬ್ಲ್ಯಾಂಕರ್, ಒಂದೇ ಶಿಳ್ಳೆಗೆ ಅದನ್ನಷ್ಟೇ ಕತ್ತರಿಸುವ ನಾಚ್ ಫಿಲ್ಟರ್. ನಾಯ್ಸ್ ರಿಡಕ್ಷನ್ ಈಗಲೂ ಇದೆ, ಕಾಲು ಭಾಗಕ್ಕಿಂತ ಮೇಲೆ ಏರಿಸುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿನ ಚಟಪಟಕ್ಕೆ ಇದ್ಯಾವುದೂ ನಾಟುವುದಿಲ್ಲ. ಆಗ ಆಂಟೆನಾ ಕಳಚಿಟ್ಟು ಬೇರೆ ಕೆಲಸ ನೋಡುವುದೇ ಸರಿ, ಡಾಂಗಲ್ಲಾದರೂ ಉಳಿಯುತ್ತದೆ.

ಈಗ ಬೆಳಗಿನ ಹೊತ್ತು ಮೈನಸ್ 79ರಲ್ಲಿ ನಿಲ್ಲುತ್ತದೆ. 7.11ರ ಹತ್ತಿರ ಒಂದು ದಪ್ಪ ಪಟ್ಟೆ ಮಾತ್ರ ಇನ್ನೂ ಸಿಕ್ಕಿಬಿದ್ದಿಲ್ಲ. ಮೇನ್ ಇಳಿಸಿದರೂ ಇರುತ್ತದೆ, ಹಾಗಾಗಿ ನಮ್ಮ ಮನೆಯದಲ್ಲ. ಒಂಬತ್ತೂವರೆಗೆ ಬರುತ್ತದೆ, ಒಂದರಿಂದ ಎರಡರ ತನಕ ಊಟಕ್ಕೆ ಹೋಗುತ್ತದೆ, ಭಾನುವಾರ ರಜೆ. ಬ್ಯಾಟರಿ ರೇಡಿಯೋ ಜೇಬಿನಲ್ಲಿ ಹಾಕಿಕೊಂಡು ಬೀದಿಯಲ್ಲಿ ವಾಕಿಂಗ್ ಮಾಡುತ್ತಿದ್ದೇನೆ. ಸದ್ಯಕ್ಕೆ ಅನುಮಾನ ತಿರುವಿನಲ್ಲಿರುವ ಟೈಲರ್ ಅಂಗಡಿಯ ಮೇಲೆ.