ಹೆಬ್ಬೆರಳ ಬುಡ ನೋಯುತ್ತಿದೆಯೇ? ಮಗುವನ್ನು ಎತ್ತುವ ರೀತಿ ಬದಲಿಸಿ

ಹೆರಿಗೆಯಾಗಿ ನಾಲ್ಕೈದು ವಾರ ಕಳೆಯುವಷ್ಟರಲ್ಲಿ ಅನೇಕ ಬಾಣಂತಿಯರಿಗೆ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಚುಳ್ಳೆನ್ನುವ ನೋವು ಶುರುವಾಗುತ್ತದೆ. ‘ತಣ್ಣೀರು ಮುಟ್ಟಿದ್ದಕ್ಕೇ ಹೀಗಾಯ್ತು’ ಎಂದು ಮನೆಯ ಹಿರಿಯರು ಗದರುತ್ತಾರೆ. ಪಾಪ, ತಣ್ಣೀರಿನದೇನೂ ತಪ್ಪಿಲ್ಲ. ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಗಳು) ಮಣಿಕಟ್ಟಿನ ಹತ್ತಿರ ಇಕ್ಕಟ್ಟಾದ ಪೊರೆಯೊಳಗೆ ಹಾದುಹೋಗುತ್ತವೆ. ಆ ಪೊರೆ ದಪ್ಪವಾದರೆ, ಲಂಗದೊಳಗೆ ಲಾಡಿ ಸಿಕ್ಕಿಕೊಂಡಂತೆ ರಜ್ಜು ಒಳಗೇ ಬಿಗಿಯುತ್ತದೆ. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕರ್ವೇನ್ ಅವರ ಹೆಸರೇ ಈ ತೊಂದರೆಗೆ ಉಳಿದಿದೆ.

ಮೊದಲು ಗುರುತಿಸಿ

ಹೆಬ್ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಳ್ಳಿ. ಮುಷ್ಟಿಯನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿ. ಹೆಬ್ಬೆರಳ ಬದಿಯ ಮಣಿಕಟ್ಟಿನಲ್ಲಿ ತೀವ್ರವಾಗಿ ನೋವಾದರೆ ಇದೇ ಇರಬಹುದು. ಪದೇ ಪದೇ ಮಾಡಿ ನೋಡಬೇಡಿ. ನೋವಿಗಿಂತ ಜೋಮು ಹೆಚ್ಚಾಗಿದ್ದು, ರಾತ್ರಿ ಕೈ ಕೊಡವಿಕೊಂಡು ಏಳುವಂತಾದರೆ ಅದು ಬಹುಶಃ ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ. ಅದರ ದಾರಿ ಬೇರೆ.

ಎತ್ತುವುದನ್ನು ತಿದ್ದಿ

ಮುಖ್ಯವಾದದ್ದು ಇದೇ. ಹೆಬ್ಬೆರಳನ್ನು ಅಗಲಿಸಿ ಮಗುವಿನ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತುವುದು ನಮಗೆಲ್ಲ ರೂಢಿ. ಆಗ ಭಾರವೆಲ್ಲ ಆ ಎರಡು ರಜ್ಜುಗಳ ಮೇಲೆ ಬೀಳುತ್ತದೆ. ಅದರ ಬದಲು ಒಂದು ಅಂಗೈಯನ್ನು ಮಗುವಿನ ಕತ್ತು–ತಲೆಯ ಕೆಳಗೆ, ಇನ್ನೊಂದನ್ನು ಕುಂಡೆಯ ಕೆಳಗೆ ತೂರಿಸಿ. ಹೆಬ್ಬೆರಳು ಉಳಿದ ಬೆರಳುಗಳಿಗೆ ಅಂಟಿಕೊಂಡಿರಲಿ, ಮಣಿಕಟ್ಟು ನೆಟ್ಟಗಿರಲಿ. ಮಗುವನ್ನು ಎದೆಗೊತ್ತಿಕೊಂಡು ಭಾರವನ್ನು ಮುಂಗೈಗೆ ಬಿಡಿ. ಹಾಲೂಡಿಸುವಾಗ ತೊಡೆಯ ಮೇಲೆ ದಿಂಬಿಡಿ. ಬಾಗಿದ ಮಣಿಕಟ್ಟಿನಲ್ಲಿ ಮಗುವಿನ ತಲೆ ಹಿಡಿದುಕೊಂಡು ಕೂರಬೇಡಿ. ಅದೇ ಹೊತ್ತಿಗೆ ಇನ್ನೊಂದು ಕೈಯ ಹೆಬ್ಬೆರಳು ಮೊಬೈಲ್ ಮೇಲೆ ಓಡುತ್ತಿದ್ದರೆ ಆ ಕೈಯೂ ಹಿಡಿದುಕೊಳ್ಳುತ್ತದೆ.

ಬಟ್ಟೆ ಹಿಂಡುವುದು, ಕಾಯಿ ತುರಿಯುವುದು, ಕುಕ್ಕರ್ ಮುಚ್ಚಳ ತಿರುಗಿಸುವುದು ಕೆಲವು ವಾರ ಗಂಡನ ಪಾಲಿಗಿರಲಿ. ಇದರಲ್ಲಿ ಸಂಕೋಚ ಬೇಡ.

ಪಟ್ಟಿ, ಐಸ್, ಮಾತ್ರೆ

ಮಣಿಕಟ್ಟಿಗೆ ಮಾತ್ರ ಸುತ್ತುವ ಪಟ್ಟಿಯಿಂದ ಹೆಚ್ಚು ಉಪಯೋಗವಿಲ್ಲ. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಸ್ಪ್ಲಿಂಟ್ ಕೇಳಿ ತನ್ನಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ. ಉಳುಕೆಂದು ತಿಳಿದು ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸಬೇಡಿ, ಊತ ಹೆಚ್ಚುತ್ತದೆ. ಹಾಲೂಡಿಸುವವರು ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಮೂರ್ನಾಲ್ಕು ವಾರದಲ್ಲಿ ಕಡಿಮೆಯಾಗದಿದ್ದರೆ ಮೂಳೆ ವೈದ್ಯರನ್ನು ಕಾಣಿ. ಕೆಂಪಗಾಗಿ ಊದಿ ಜ್ವರ ಬಂದರೆ ಅಷ್ಟು ದಿನ ಕಾಯಬಾರದು. ಪೊರೆಯೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಬಹಳ ಜನರಿಗೆ ನೋವು ಇಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಪೊರೆಯನ್ನು ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಇಂಜೆಕ್ಷನ್ ಕೊಟ್ಟ ಕಡೆ ಚರ್ಮ ಬಿಳಿಚಿಕೊಳ್ಳಬಹುದು, ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರಬಹುದು. ಇವೆರಡನ್ನೂ ಸೂಜಿ ಚುಚ್ಚಿಸಿಕೊಳ್ಳುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ.