ರೊಟ್ಟಿ ಬಿಡದೆ ತೂಕ ಇಳಿಸಿದ ಬಗೆ: ಕಲಬುರಗಿಯ ಅಡುಗೆಮನೆಯಲ್ಲಿ ಮೆಡಿಟರೇನಿಯನ್ ಊಟ

ಕಲಬುರಗಿಯ ದೊಡ್ಡ ಅಂಗಡಿಗಳಲ್ಲಿ ಈಗ ಆಲಿವ್ ಎಣ್ಣೆ ಸಿಗುತ್ತದೆ. ಒಳ್ಳೆಯದು ಬೇಕಂದರೆ ಲೀಟರಿಗೆ ಸಾವಿರ ರೂಪಾಯಿ ದಾಟುತ್ತದೆ. ನಾನು ಅದನ್ನು ತರಲಿಲ್ಲ. ಆದರೂ ಆ ಎಣ್ಣೆಯನ್ನೇ ನೆಚ್ಚಿಕೊಂಡ ಮೆಡಿಟರೇನಿಯನ್ ಪದ್ಧತಿಯಲ್ಲೇ, ಅಂದರೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗ್ರೀಸ್‌ನಂಥ ದೇಶಗಳ ಊಟದ ರೀತಿಯಲ್ಲೇ ಉಂಡು, ಮನೆಯೊಳಗೇ ನಡೆದು ಸುಮಾರು 9 ಕೆಜಿ ಇಳಿಸಿದ್ದೇನೆ. ಏನು ಮಾಡಿದಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನನ್ನದು ಕುಳಿತು ಮಾಡುವ ಕೆಲಸ. ವಯಸ್ಸು ನಲವತ್ತು ದಾಟಿದೆ. ಶುರುವಿನಲ್ಲಿ ತೂಕ 76 ಕೆಜಿ ಇತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹತ್ತಿರದಲ್ಲಿದೆ ಅಂತ ಅರ್ಥ. ಸೊಂಟದ ಅಳತೆ ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು. ನನ್ನದು ಎಷ್ಟೋ ದಾಟಿತ್ತು. ಡಾಕ್ಟರು ಮಾತ್ರೆ ಬರೆಯಲಿಲ್ಲ. "ಮೊದಲು ಊಟ ಬದಲಿಸಿ, ನಡೆಯಿರಿ, ಆಮೇಲೆ ನೋಡೋಣ" ಅಂದರು. ಮೆಡಿಟರೇನಿಯನ್ ಊಟದ ಹೆಸರು ಹೇಳಿದ್ದೂ ಅವರೇ.

ಅದರ ಬಗ್ಗೆ ಓದಲು ಕುಳಿತಾಗ ಪರದೇಶದ ಊಟ ಅಂತ ನನಗೆ ಅನಿಸಲೇ ಇಲ್ಲ. ಅಮೆರಿಕದ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 1958ರಲ್ಲಿ ಏಳು ದೇಶಗಳ ಅಧ್ಯಯನ ಶುರುಮಾಡಿದರು. ಗ್ರೀಸ್ ದೇಶದ ಕ್ರೀಟ್ ದ್ವೀಪದ ಗಂಡಸರಲ್ಲಿ ಹೃದಯದ ಕಾಯಿಲೆ ತೀರಾ ಕಡಿಮೆ ಇದ್ದದ್ದು ಅದರಲ್ಲಿ ಕಂಡುಬಂತು. ಅವರು ತಿನ್ನುತ್ತಿದ್ದದ್ದು ಏನು? ಹೊಲದಂಚಿನಲ್ಲಿ ತಾನಾಗಿ ಬೆಳೆದ ಸೊಪ್ಪು ಬೇಯಿಸಿ, ಮೇಲೆ ಎಣ್ಣೆ ಮತ್ತು ನಿಂಬೆರಸ. ಬೇಳೆಕಾಳು. ಬಾರ್ಲಿ ಹಿಟ್ಟಿನ ಗಟ್ಟಿ ರೊಟ್ಟಿ. ಅದನ್ನು ಎರಡು ಸಲ ಸುಟ್ಟು ಒಣಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ತಿನ್ನುವಾಗ ನೀರು ಚಿಮುಕಿಸಿ, ಟೊಮೆಟೊ ಹಾಕಿಕೊಳ್ಳುತ್ತಿದ್ದರು. ಮಾಂಸ ಅಪರೂಪ. ವರ್ಷದಲ್ಲಿ ಎಷ್ಟೋ ದಿನ ಉಪವಾಸದ ಊಟ.

ಇದು ನಮ್ಮ ಕಡಕ್ ರೊಟ್ಟಿ, ಹಕ್ಕರಕಿ, ಪುಂಡಿಪಲ್ಯದ ಊಟ ಅಲ್ವಾ? ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಭಜ್ಜಿ ನೆನೆಸಿಕೊಳ್ಳಿ. ಹಸಿ ತೊಗರಿಕಾಳು, ಅವರೆಕಾಳು, ಶೇಂಗಾ, ಸಿಕ್ಕ ಸೊಪ್ಪೆಲ್ಲ, ಹುಣಸೆಹುಳಿ, ಜೊತೆಗೆ ಸಜ್ಜೆ ರೊಟ್ಟಿ. ಮೆಡಿಟರೇನಿಯನ್ ಊಟ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಆ ಭಜ್ಜಿಯನ್ನೇ ತೋರಿಸುತ್ತೇನೆ. ನಮಗೆ ಅದು ವರ್ಷಕ್ಕೊಮ್ಮೆ ಹಬ್ಬದ ಊಟ ಆಗಿದೆ. ನಾನು ಅದರ ಚಿಕ್ಕ ರೂಪವನ್ನು ದಿನದ ಊಟ ಮಾಡಿಕೊಂಡೆ, ಅಷ್ಟೇ.

ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಒಳ್ಳೆಯ ಊಟ ಅಂದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ. ಆ ಕ್ರೀಟ್ ರೈತರ ಊಟದ ಕ್ಯಾಲರಿಯಲ್ಲಿ ನೂರಕ್ಕೆ 40ರಷ್ಟು ಕೊಬ್ಬಿನಿಂದಲೇ ಬರುತ್ತಿತ್ತು, ಅದೂ ಹೆಚ್ಚಾಗಿ ಎಣ್ಣೆಯಿಂದ. ಅವರು ದಿನವಿಡೀ ಗುಡ್ಡ ಹತ್ತಿ ದುಡಿಯುತ್ತಿದ್ದರು. ನಾವು ಕುರ್ಚಿಯಲ್ಲಿ ಕೂರುವವರು. ಇಸ್ರೇಲಿನಲ್ಲಿ 322 ಜನರ ಮೇಲೆ ಎರಡು ವರ್ಷ ನಡೆದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೆಡಿಟರೇನಿಯನ್ ಊಟ ಮಾಡಿದವರು ಸರಾಸರಿ 4.4 ಕೆಜಿ ಇಳಿದರು, ಕೊಬ್ಬು ಕಡಿಮೆ ಮಾಡಿದವರು 2.9 ಕೆಜಿ. ಆದರೆ ಮೆಡಿಟರೇನಿಯನ್ ಗುಂಪಿನ ಹೆಂಗಸರಿಗೆ ದಿನಕ್ಕೆ 1500 ಕ್ಯಾಲರಿ, ಗಂಡಸರಿಗೆ 1800 ಕ್ಯಾಲರಿ ಅಂತ ಮಿತಿ ಇತ್ತು. ಈ ಮಿತಿಯ ಮಾತನ್ನು ತುಂಬಾ ಜನ ಹೇಳುವುದೇ ಇಲ್ಲ.

ಹಾಗಾಗಿ ನಾನು ಮೊದಲು ಕೈ ಹಾಕಿದ್ದು ಎಣ್ಣೆಗೆ. ನಮ್ಮ ಕಡೆ ಎಣ್ಣೆಗಾಯಿ ಅಂದರೆ ಎಣ್ಣೆ ಮೇಲೆ ತೇಲಬೇಕು. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲರಿ. ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿಯುವುದನ್ನು ನಿಲ್ಲಿಸಿದೆ. ಬೆಳಗ್ಗೆಯೇ ಇಡೀ ಮನೆಯ ಆ ದಿನದ ಎಣ್ಣೆಯನ್ನು ಒಂದು ಸ್ಟೀಲ್ ಬಟ್ಟಲಿಗೆ ಅಳೆದು ಹಾಕುತ್ತೇನೆ, ತಲೆಗೆ ಒಂದೂವರೆ ಚಮಚದ ಲೆಕ್ಕ. ಬಟ್ಟಲು ಖಾಲಿಯಾದರೆ ಆ ದಿನದ್ದು ಮುಗಿಯಿತು. ಬದನೆಕಾಯಿಗೆ ಶೇಂಗಾ ಪುಡಿ, ಎಳ್ಳು ಪುಡಿ ತುಂಬಿ, ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ನೀರಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿದರೆ ತಳ ಹಿಡಿಯುವುದಿಲ್ಲ, ರುಚಿಯೂ ಕೆಡುವುದಿಲ್ಲ.

ಯಾವ ಎಣ್ಣೆ ಅಂತಲೂ ಕೇಳುತ್ತಾರೆ. ಆಲಿವ್ ಎಣ್ಣೆಯಲ್ಲಿ ಓಲಿಕ್ ಆಮ್ಲ ಅನ್ನುವ ಒಳ್ಳೆಯ ಬಗೆಯ ಕೊಬ್ಬು ಮುಕ್ಕಾಲು ಪಾಲಿನ ಹತ್ತಿರ ಇರುತ್ತದೆ. ಶೇಂಗಾ ಎಣ್ಣೆಯಲ್ಲಿ ಅರ್ಧದ ಆಸುಪಾಸು. ನಮ್ಮ ಕುಸುಬಿ ಎಣ್ಣೆಯಲ್ಲಿ ಹೆಚ್ಚಾಗಿ ಇರುವುದು ಲಿನೋಲಿಕ್ ಆಮ್ಲ ಅನ್ನುವ ಇನ್ನೊಂದು ಬಗೆಯ ಕೊಬ್ಬು. ಮೂರೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ವನಸ್ಪತಿ, ಪಾಮ್ ಎಣ್ಣೆ ಬಿಟ್ಟು ಗಾಣದ ಶೇಂಗಾ ಎಣ್ಣೆಯನ್ನು ಅಳೆದು ಬಳಸುವುದೇ ನಮ್ಮಂಥ ಮನೆಗೆ ನಡೆಯುವ ದಾರಿ. ಮೆಡಿಟರೇನಿಯನ್ ಊಟದಲ್ಲಿ ಮೀನು, ವೈನ್ ಕೂಡ ಇರುತ್ತವೆ. ನಾವು ಮೀನು ತಿನ್ನುವುದಿಲ್ಲ. ಹಾಗಾಗಿ ಅಗಸಿ ಹಿಂಡಿ, ಅಂದರೆ ಅಗಸೆ ಚಟ್ನಿಪುಡಿ, ದಿನಾ ಒಂದು ಚಮಚ. ಮೀನಿನಲ್ಲಿ ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಇರುತ್ತದೆ, ಅಗಸೆಯಲ್ಲಿ ಅದರ ಗಿಡದ ರೂಪ ಇದೆ. ವೈನ್ ಮಾತು ನಮಗೆ ಬೇಡ.

ತಟ್ಟೆ ಹೀಗೆ ಬದಲಾಯಿತು. ಮಧ್ಯಾಹ್ನ ಮೊದಲು ನಾಲ್ಕು ರೊಟ್ಟಿ, ಆಮೇಲೆ ಅನ್ನ ಸಾರು ಇತ್ತು. ಈಗ ಎರಡು ಜೋಳದ ರೊಟ್ಟಿ. ಅರ್ಧ ತಟ್ಟೆ ಪಲ್ಯ ಮತ್ತು ಪಚಡಿ. ಉಳಿದ ಜಾಗದಲ್ಲಿ ಕಾಳು ಅಥವಾ ಗಟ್ಟಿ ಬೇಳೆ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿತು. ಅಂಥ ಬೇಳೆ ಮನೆಯಲ್ಲಿದ್ದೂ ನಾವು ನೀರು ಸಾರು ಮಾಡಿ ಅನ್ನ ಜಾಸ್ತಿ ಉಣ್ಣುತ್ತೇವೆ. ಬೇಳೆ ಗಟ್ಟಿ ಮಾಡಿ, ಅನ್ನ ಕಡಿಮೆ ಮಾಡಿ ನೋಡಿ, ಸಂಜೆಯವರೆಗೆ ಹಸಿವಾಗುವುದಿಲ್ಲ. ಮಡಿಕಿ ಕಾಳು, ಹೆಸರುಕಾಳು ರಾತ್ರಿಯೇ ನೆನೆ ಹಾಕುತ್ತೇನೆ.

ಪಚಡಿ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದರೆ ನನ್ನ ಊಟ ನಿಂತಿರುವುದೇ ಅದರ ಮೇಲೆ. ಕಣ್ಣಿ ಮಾರ್ಕೆಟ್‌ನಿಂದ ಎಳೆ ಮೆಂತ್ಯೆ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ ತಪ್ಪಲು ತರುತ್ತೇನೆ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದು ಬಟ್ಟೆ ಮೇಲೆ ಹರಡಬೇಕು. ಎಲ್ಲ ಸಣ್ಣಗೆ ಹೆಚ್ಚಿ, ಉಪ್ಪು, ನಿಂಬೆರಸ, ಒಂದು ಹಿಡಿ ಶೇಂಗಾ ಪುಡಿ, ಮೇಲೆ ಅರ್ಧ ಚಮಚ ಹಸಿ ಎಣ್ಣೆ. ಉಣ್ಣುವ ಹೊತ್ತಿಗೇ ಕಲಸಬೇಕು, ಮೊದಲೇ ಕಲಸಿದರೆ ನೀರು ಬಿಡುತ್ತದೆ. ಮೊದಲು ಬಟ್ಟಲು ಪಚಡಿ ತಿಂದು ಆಮೇಲೆ ರೊಟ್ಟಿಗೆ ಕೈ ಹಾಕಿದರೆ ಎರಡು ರೊಟ್ಟಿ ತಾನಾಗೇ ಸಾಕಾಗುತ್ತದೆ. ಶೇಂಗಾ ಒಳ್ಳೆಯದೇ, ಆದರೆ 30 ಗ್ರಾಂಗೆ 170 ಕ್ಯಾಲರಿ. ಹಿಂಡಿಯನ್ನೂ ಅಳೆದೇ ಹಾಕಿಕೊಳ್ಳಬೇಕು.

ಕಷ್ಟ ಇದ್ದದ್ದು ಸಂಜೆ. ಕಲಬುರಗಿಯಲ್ಲಿ ಆರು ಗಂಟೆ ಆಯಿತೆಂದರೆ ಮಿರ್ಚಿ ಭಜಿ, ಸುಸಲಾ ಇಲ್ಲದ ಓಣಿ ಇಲ್ಲ. ಅದರ ಜೊತೆ ಚಹಾ. ದಿನಕ್ಕೆ ಐದು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೆ ಬರೀ ಚಹಾದಲ್ಲೇ 40 ಗ್ರಾಂ ಸಕ್ಕರೆ. ದಿನದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಪ್ ಎರಡಕ್ಕೆ ಇಳಿಸಿದೆ, ಸಕ್ಕರೆಯನ್ನು ಅರ್ಧ ಚಮಚಕ್ಕೆ ತಂದೆ. ಭಜಿ ಜಾಗಕ್ಕೆ ಬೇಯಿಸಿದ ಶೇಂಗಾ ಅಥವಾ ಒಂದು ಪೇರಲ. ಶರಣಬಸವೇಶ್ವರ ಜಾತ್ರೆಗೆ ಹೋದ ದಿನ ಮಿರ್ಚಿ ತಿನ್ನುತ್ತೇನೆ. ಜಾತ್ರೆ ದಿನವೂ ಬಿಡಬೇಕು ಅನ್ನುವ ಪಥ್ಯ ಬಹಳ ದಿನ ನಡೆಯುವುದಿಲ್ಲ.

ಇನ್ನು ನಡಿಗೆ. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ. ಹೆಂಗಸರಿಗೆ ನಸುಕಿನಲ್ಲಿ ಒಬ್ಬರೇ ಕೆರೆ ದಂಡೆಗೆ ಹೋಗುವುದೂ ದಿನಾ ಆಗುವ ಮಾತಲ್ಲ. ಹಾಗಾಗಿ ಮನೆಯ ಹಾಲ್‌ನಲ್ಲೇ ನಡೆಯುತ್ತೇನೆ. ನಾಲ್ಕು ಹೆಜ್ಜೆ ಜಾಗ ಸಾಕು. ನಿಂತಲ್ಲೇ ಕಾಲು ಎತ್ತಿ ಹಾಕುವುದು, ಪಕ್ಕಕ್ಕೆ ಎರಡು ಹೆಜ್ಜೆ ಹೋಗಿ ಬರುವುದು, ಮೊಣಕಾಲು ಸೊಂಟದವರೆಗೆ ಎತ್ತುವುದು, ಮುಂದಕ್ಕೆ ಕಾಲು ಚಾಚುವುದು. ಈ ನಾಲ್ಕನ್ನೇ ಬದಲಿಸುತ್ತಾ ಹೋಗುತ್ತೇನೆ. ಕೈ ಸುಮ್ನೆ ತೂಗಬಾರದು, ಮೊಣಕೈ ಮಡಚಿ ಬೀಸಬೇಕು.

ವೇಗ ಮುಖ್ಯ. ನಿಮಿಷಕ್ಕೆ 100 ಹೆಜ್ಜೆ ದಾಟಿದರೆ ಅದು ವ್ಯಾಯಾಮದ ನಡಿಗೆ. ಗೋಡೆ ಗಡಿಯಾರ ನೋಡಿ ಹತ್ತು ಸೆಕೆಂಡ್ ಎಣಿಸಿ, 17 ಹೆಜ್ಜೆ ಬರಬೇಕು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡುವಷ್ಟು ಉಸಿರು ಇರಬಾರದು. ಆ ವೇಗಕ್ಕೆ ಹೊಂದುವ ಹಾಡುಗಳನ್ನು ಮಗಳು ಫೋನಿಗೆ ಹಾಕಿಕೊಟ್ಟಿದ್ದಾಳೆ. ಬೆಳಗ್ಗೆ ಅರ್ಧ ಗಂಟೆ, ರಾತ್ರಿ ಊಟ ಆದಮೇಲೆ ಹತ್ತು ಹದಿನೈದು ನಿಮಿಷ ನಿಧಾನಕ್ಕೆ. ಊಟದ ನಂತರದ ನಡಿಗೆ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ವಾರಕ್ಕೆ 150 ನಿಮಿಷ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಲೆಕ್ಕ, ಬೆಳಗಿನ ನಡಿಗೆಯಲ್ಲೇ ಅದು ಮುಗಿಯುತ್ತದೆ.

ಬೂಟು ಹಾಕಿಕೊಳ್ಳಿ. ನಮ್ಮ ಮನೆಗಳ ನೆಲ ಶಹಾಬಾದ ಕಲ್ಲು, ಸ್ವಲ್ಪವೂ ಬಗ್ಗುವುದಿಲ್ಲ. ಬರಿಗಾಲಲ್ಲಿ ಅದರ ಮೇಲೆ ಹೆಜ್ಜೆ ಹಾಕಿದರೆ ಹಿಮ್ಮಡಿ, ಮೊಣಕಾಲು ಎರಡಕ್ಕೂ ಪೆಟ್ಟು. ಒಳಗೆ ಬೂಟೇ ಅಂತ ಅತ್ತೆ ಕೇಳಿದರು. ಹೊರಗೆ ಎಂದೂ ಹಾಕದ ಹೊಸ ಜೊತೆಯನ್ನು ಬಟ್ಟೆ ಚೀಲದಲ್ಲಿ ಬೇರೆ ಇಟ್ಟಿದ್ದೇನೆ ಅಂತ ತೋರಿಸಿದ ಮೇಲೆ ಒಪ್ಪಿದರು. ಈಗ ರಾತ್ರಿ ನಡಿಗೆಗೆ ಅವರೂ ಬರುತ್ತಾರೆ, ಕುರ್ಚಿ ಬೆನ್ನು ಹಿಡಿದುಕೊಂಡು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೆ ನಡಿಗೆ ನಿಲ್ಲಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಬಿಪಿ ಇದ್ದವರು ಉಪ್ಪು ಹಾಕುವುದು ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ಡಾಕ್ಟರನ್ನು ಕೇಳಲೇಬೇಕು, ಸಕ್ಕರೆ ಒಮ್ಮೆಲೇ ಇಳಿಯಬಹುದು.

ಮೊದಲ ತಿಂಗಳಲ್ಲಿ ತಕ್ಕಡಿಗಿಂತ ಮೊದಲು ಕುಪ್ಪಸದಲ್ಲಿ ಗೊತ್ತಾಯಿತು. ಆಮೇಲೆ ತಿಂಗಳಿಗೆ ಒಂದು ಕೆಜಿ ಲೆಕ್ಕದಲ್ಲಿ ನಿಧಾನಕ್ಕೆ ಇಳಿಯಿತು. ಎಚ್‌ಬಿಎ1ಸಿ ಈಗ 5.6. ಇತ್ತೀಚೆಗೆ ತೂಕ 67ರಲ್ಲಿ ನಿಂತುಬಿಟ್ಟಿದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಸ್ವಲ್ಪ ಕರಗುತ್ತದೆ, ಬರೀ ನಡಿಗೆ ಸಾಲದು ಅಂದರು ಡಾಕ್ಟರು. ಹಾಗಾಗಿ ಬೆಳಗಿನ ನಡಿಗೆ ಮುಗಿದ ಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಎರಡನ್ನೂ ಸೇರಿಸಿದ್ದೇನೆ.