ಹಟ್ಟಿ ಮೇಲೆ ಕಂಬ, ಊರಿಗೆ ವೈಫೈ: ಹೊಳಲ್ಕೆರೆ ಸೀಮೆಯಲ್ಲಿ ನನ್ನ ಅನುಭವ

ಹೊಳಲ್ಕೆರೆ ತಾಲ್ಲೂಕಿನ ಒಂದು ಊರು, ಅದರ ಗೊಲ್ಲರಹಟ್ಟಿ, ಆಚೆ ದಿಬ್ಬದ ಲಂಬಾಣಿ ತಾಂಡಾ ಮೂರನ್ನೂ ಒಂದೇ ಜಾಲಕ್ಕೆ ಸೇರಿಸಿದ್ದೇವೆ. ಎರಡು ಮಳೆಗಾಲ ತಡೆದುಕೊಂಡಿದೆ. "ಮೊದಲು ಊರಿಗೆ ಕೊಡಿ, ಹಟ್ಟಿ ತಾಂಡಾ ಆಮೇಲೆ ನೋಡೋಣ" ಅಂದವರೇ ಹೆಚ್ಚು. ನಾವು ಉಲ್ಟಾ ಮಾಡಿದ್ವಿ. ಫೈಬರ್ ಬಂದು ನಿಂತಿರೋದು ರಸ್ತೆ ಕ್ರಾಸಿನ ಅಂಗಡಿಯಲ್ಲಿ. ಅಲ್ಲಿಂದ ರೇಡಿಯೋ ಮೂಲಕ ತಾಂಡಾ, ತಾಂಡಾದಿಂದ ಹಟ್ಟಿ, ಕೊನೆಗೆ ಊರು. ತಾಂಡಾದ ಬ್ಯಾಟರಿ ಸತ್ತರೆ ಊರಿನ ನೆಟ್ಟೂ ನಿಲ್ಲುತ್ತದೆ, ಆದ್ದರಿಂದ ರಿಪೇರಿ ಅವತ್ತೇ ಆಗುತ್ತದೆ.

ಇದು ಬರೀ ನ್ಯಾಯದ ಮಾತಲ್ಲ. ಕ್ರಾಸಿಗೂ ಊರಿಗೂ ನಡುವೆ ಐವತ್ತು ಅರವತ್ತು ಅಡಿ ಎತ್ತರದ ಅಡಿಕೆ ತೋಟ. 5.8 ಗಿಗಾಹರ್ಟ್ಸ್‌ನಲ್ಲಿ ಮೂರು ಕಿಲೋಮೀಟರ್ ಲಿಂಕಿಗೆ ನಡುಮಧ್ಯದಲ್ಲಿ ಫ್ರೆನೆಲ್ ವಲಯದ, ಅಂದರೆ ಸಿಗ್ನಲ್ ಹಾಯೋಕೆ ನೇರ ಗೆರೆಯ ಸುತ್ತ ಬೇಕಾದ ಜಾಗದ, ತ್ರಿಜ್ಯ ಸುಮಾರು ಆರು ಮೀಟರ್. ಅದರಲ್ಲಿ ಶೇಕಡಾ 60 ಆದರೂ ಖಾಲಿ ಇರಬೇಕು, ಅಂದರೆ ತೋಟದ ತಲೆಯಿಂದ ಮೇಲೆ ಇನ್ನೂ ಹನ್ನೆರಡು ಅಡಿ. ಬೇಸಿಗೆಯಲ್ಲಿ ಗರಿಗಳ ಸಂದಿಯಿಂದ ಹೇಗೋ ಹಾಯುವ ಸಿಗ್ನಲ್, ಗರಿ ನೆನೆದ ದಿನ ಸತ್ತೇ ಹೋಗುತ್ತದೆ. ದಿಬ್ಬದ ಮೇಲೆ ಹೋದರೆ ಇಪ್ಪತ್ತು ಅಡಿ ಜಿಐ ಪೈಪು ಸಾಕು.

ಎರಡು ಉದ್ದದ ಲಿಂಕಿಗೂ ಲೈಟ್‌ಬೀಮ್ ಅನ್ನೋ ಡಿಶ್ ರೇಡಿಯೋ ಜೋಡಿ, ಹಟ್ಟಿಯಿಂದ ಊರಿಗೆ ಸಿಪಿಇ510 ಅನ್ನೋ ಚಿಕ್ಕ ರೇಡಿಯೋ. 5 ಗಿಗಾಹರ್ಟ್ಸ್‌ನ ಈ ಭಾಗ ಲೈಸೆನ್ಸ್‌ರಹಿತ. ರೇಡಿಯೋದಲ್ಲಿ ದೇಶ ಭಾರತ ಅಂತಲೇ ಇಡಿ, ಪವರ್ ಜಾಸ್ತಿ ಮಾಡೋ ಆಸೆಗೆ ಬೇರೆ ದೇಶ ಹಾಕಬೇಡಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್, ಸಿಗ್ನಲ್ ಮೈನಸ್ 60 ಡಿಬಿಎಂ ಆಸುಪಾಸು ಬರೋವರೆಗೆ ತಿರುಗಿಸುತ್ತಿರಿ. ಬೀದಿಗೆ 2.4 ಗಿಗಾಹರ್ಟ್ಸ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಮುಕ್ತ ತಂತ್ರಾಂಶ ಹಾಕಿದ ಹಳೆ ರೂಟರ್‌ಗಳು. ಒಂದೇ ರೇಡಿಯೋದಲ್ಲಿ ಮೆಶ್ ಮಾಡಿದರೆ, ಅಂದರೆ ರೂಟರಿಂದ ರೂಟರಿಗೆ ಸಿಗ್ನಲ್ ದಾಟಿಸಿದರೆ, ಪ್ರತಿ ಹಾಪಿಗೂ (ದಾಟಿಗೂ) ವೇಗ ಅರ್ಧ. ನಾಲ್ಕನೇ ಮನೆಗೆ ತಲುಪೋದು ಬರೀ ವೈಫೈ ಗುರುತು. ಕಂಬದಿಂದ ಕಂಬಕ್ಕೆ ಹೋಗೋ ಬೆನ್ನೆಲುಬು ಬೇರೆ, ಬೀದಿ ಬೇರೆ ಅಂತ ಇಟ್ಟ ಮೇಲೇ ತಾಂಡಾದ ಕಡೇ ಮನೆಗೂ ಎಂಟು ಹತ್ತು ಎಂಬಿಪಿಎಸ್ ಸಿಕ್ಕಿದ್ದು.

ದುಡ್ಡು ಸುರಿದುಹೋಗೋದು ಕೇಬಲ್ಲಿನಲ್ಲಿ. ಕಂಬದ ಮೇಲಿನ ರೇಡಿಯೋಗೆ ಕರೆಂಟೂ ನೆಟ್ ಕೇಬಲ್ಲಿನಲ್ಲೇ ಹೋಗುತ್ತದೆ. ತಾಮ್ರ ಅಂತ ಮಾರೋ ಅಗ್ಗದ ಕ್ಯಾಟ್5ಇ ಒಳಗೆ ಅಲ್ಯೂಮಿನಿಯಂ ಇರುತ್ತದೆ, ಮೇಲೆ ತಾಮ್ರದ ಲೇಪ ಅಷ್ಟೆ. ಉದ್ದ ಐವತ್ತು ಮೀಟರ್ ದಾಟಿದರೆ ವೋಲ್ಟೇಜ್ ಕುಸಿದು, ಲೋಡ್ ಬಂದಾಗಲೆಲ್ಲ ರೇಡಿಯೋ ರೀಬೂಟ್ ಆಗುತ್ತದೆ. ಜನ ರೇಡಿಯೋ ಬದಲಿಸುತ್ತಾರೆ, ಕೇಬಲ್ ಬದಲಿಸುವುದಿಲ್ಲ! ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಬೆಳ್ಳಗೆ ಕಂಡರೆ ವಾಪಸ್ ಕೊಡಿ. ರೇಡಿಯೋಗೆ ಸೇರೋ ಮುಂಚೆ ಕೇಬಲ್ಲನ್ನು ಕೆಳಗೆ ಬಾಗಿಸಿ ಮೇಲೆ ತನ್ನಿ, ಮಳೆನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ.

ಆಷಾಢದ ಗಾಳಿ ನಿಮಗೆ ಗೊತ್ತೇ ಇದೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನು ನೆಟ್ಟಿರೋದು ಸುಮ್ಮನಲ್ಲ. ಬರೀ ಕ್ಲಾಂಪ್ ಬಿಗಿದ ಡಿಶ್ ನಿಧಾನಕ್ಕೆ ತಿರುಗಿ, ದಿನಕ್ಕೊಂದಿಷ್ಟು ಸಿಗ್ನಲ್ ಇಳಿಯುತ್ತದೆ. ಮೂರು ಕಡೆ ತಂತಿ ಎಳೆದು, ದಿಕ್ಕು ಸರಿಯಾದ ಮೇಲೆ ಕ್ಲಾಂಪಿನ ಸಮೇತ ಪೈಪಿಗೆ ತೂತು ಕೊರೆದು ಬೋಲ್ಟ್ ಹಾಕಿ. ಏಪ್ರಿಲ್ ಮೇ ಸಿಡಿಲಿಗೆ ಕಂಬಕ್ಕೆ ಅರ್ತಿಂಗ್, ಕೇಬಲ್ಲಿಗೆ ಸರ್ಜ್ ಪ್ರೊಟೆಕ್ಟರ್ ಎರಡೂ ಬೇಕು. ಮಂಗ ಕೇಬಲ್ ಕೀಳದ ಹಾಗೆ ಮಾಡಿರೋ ಉಪಾಯವನ್ನು ಇಲ್ಲಿ ಬರೆಯಲ್ಲ. ಬಂದವರಿಗೆ ಕಂಬದ ಹತ್ತಿರ ಕರೆದೊಯ್ದು ತೋರಿಸುತ್ತೇವೆ.

ಕಂಬ ಬೆಸುಗೆ ಹಾಕಿದ್ದು ಊರಿನ ಟ್ರಾಲಿ ವೆಲ್ಡರ್, ಕೇಬಲ್ ಎಳೆದದ್ದು ಹಳೇ ಟಿವಿ ಕೇಬಲ್ ಹುಡುಗರು, ಲೆಕ್ಕದ ಪುಸ್ತಕ ತಾಂಡಾದ ಸ್ತ್ರೀಶಕ್ತಿ ಸಂಘದ ಕೈಲಿ. ಸಾಮಾನಿಗೆ ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ ಬಿದ್ದ ನೆನಪು, ಕೂಲಿ ಹಿಡಿದಿಲ್ಲ. ಇಂಟರ್ನೆಟ್ ಮಾರೋದು ಮಾತ್ರ ಕೇಂದ್ರ ಸರ್ಕಾರದ ಸಾರ್ವಜನಿಕ ವೈಫೈ ಯೋಜನೆ ಪಿಎಂ-ವಾಣಿ ಮೂಲಕ. 2020ರ ಡಿಸೆಂಬರಿನಲ್ಲಿ ಒಪ್ಪಿಗೆಯಾದ ಈ ವ್ಯವಸ್ಥೆಯಲ್ಲಿ ಪಬ್ಲಿಕ್ ಡೇಟಾ ಆಫೀಸ್, ಅಂದರೆ ವೈಫೈ ಮಾರೋ ಅಂಗಡಿ, ತೆರೆಯೋಕೆ ಲೈಸೆನ್ಸ್ ಬೇಡ. ಮನೆ ಕನೆಕ್ಷನ್ ಹಂಚಿ ಕಾಸು ತಗೊಳ್ಳೋ ದಾರಿಗೆ ಹೋಗಬೇಡಿ.

ಇಂಟರ್ನೆಟ್ ಇಲ್ಲದೆ ನಮ್ಮ ಜಾಲದೊಳಗೇ ಸಿಗೋದು ಎಲ್ಲರಿಗೂ ಪುಕ್ಕಟೆ. ರಾಸ್ಪ್‌ಬೆರಿ ಪೈ ಅನ್ನೋ ಒಂದು ಪುಟ್ಟ ಕಂಪ್ಯೂಟರ್, ಅದರಲ್ಲಿ ನೆಟ್ ಇಲ್ಲದೆ ಓದಿಸೋ ಕಿವಿಕ್ಸ್ ತಂತ್ರಾಂಶ ಹಾಕಿ ಕನ್ನಡ ವಿಕಿಪೀಡಿಯ. ಕರೆಂಟ್ ಹೋಗಿ ಬಂದು ಮಾಡಿದರೆ ಮೆಮೊರಿ ಕಾರ್ಡ್ ಕೆಡುತ್ತದೆ, ಎಸ್‌ಎಸ್‌ಡಿಗೆ ಹೋಗಿ. ಓದು ಬಾರದವರಿಗೆ ಮೊದಲ ಪುಟದಲ್ಲಿ ಚಿತ್ರ ಒತ್ತಿದರೆ ಕನ್ನಡದಲ್ಲೂ ಲಂಬಾಣಿಯಲ್ಲೂ ಮಾತು ಕೇಳಿಸುತ್ತದೆ: ಪಡಿತರ ಬಂದಿದೆಯೇ, ಲಸಿಕೆ ಯಾವತ್ತು. ಆ ಧ್ವನಿಯನ್ನು ಓಪಸ್ ಅನ್ನೋ ಆಡಿಯೋ ರೂಪದಲ್ಲಿ 24 ಕೆಬಿಪಿಎಸ್ ಇಟ್ಟರೆ ಒಂದು ನಿಮಿಷ 180 ಕೆಬಿ, ಧ್ವನಿ ಸ್ಪಷ್ಟ. ತಾಂಡಾದ ಹೆಂಗಸರು ದಿನಾ ಬಳಸೋದು ಇದನ್ನೇ, ಯೂಟ್ಯೂಬ್ ಆಮೇಲೆ. ಗ್ರಂಥಾಲಯದ ಹಳೇ ಕಂಪ್ಯೂಟರಿಗೆ ಪರದೆ ಮೇಲಿನದನ್ನು ಓದಿ ಹೇಳೋ ಎನ್‌ವಿಡಿಎ ತಂತ್ರಾಂಶ ಹಾಕಿದ್ದೇವೆ. ಅದಕ್ಕೆ ಮಾತು ಕೊಡೋ ಇಸ್ಪೀಕ್‌ನ ಕನ್ನಡ ದನಿ ಒರಟು, ಆದರೆ ದೃಷ್ಟಿ ಇಲ್ಲದ ಹುಡುಗರು ಅದನ್ನು ನಾವು ಊಹಿಸದಷ್ಟು ವೇಗದಲ್ಲಿ ಓಡಿಸುತ್ತಾರೆ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಮಾಡಿದ, ಯೂನಿಕೋಡ್ ಅಲ್ಲದ ಕಡತ ಕೊಟ್ಟರೆ ಎನ್‌ವಿಡಿಎ ಅದನ್ನು ಕನ್ನಡವಾಗಿ ಓದುವುದಿಲ್ಲ, ಮೊದಲು ಯೂನಿಕೋಡಿಗೆ ಪರಿವರ್ತಿಸಿ.

ಹಳೇ ಡಿಟಿಎಚ್ ಡಿಶ್ಶಿನ ಬಾಯಿಗೆ ಸಿಪಿಇ ಕಟ್ಟಿಯೂ ನೋಡಿದ್ದೇವೆ. ಸಿಗ್ನಲ್ ಚೆನ್ನಾಗಿಯೇ ಏರುತ್ತದೆ, ಆದರೆ ಅಷ್ಟೇ ಪವರ್ ಇಳಿಸದಿದ್ದರೆ ಕಾನೂನಿನ ಮಿತಿ ದಾಟುತ್ತದೆ, ಗಾಳಿಗೂ ನಿಲ್ಲುವುದಿಲ್ಲ.

ಒಂದು ಕಂಬದ ಎರಡು ರೇಡಿಯೋ, ಒಂದು ರೂಟರ್ ಸೇರಿ ಇಪ್ಪತ್ತು ವ್ಯಾಟ್. 12 ವೋಲ್ಟಿನ 40 ಎಎಚ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಹನ್ನೆರಡು ತಾಸು ನಡೆಸಬಹುದು. ರೇಡಿಯೋಗೆ 12 ವೋಲ್ಟನ್ನು 24ಕ್ಕೆ ಏರಿಸೋ ಬೂಸ್ಟ್ ಕನ್ವರ್ಟರ್ ಹಾಕಿ, ಇನ್ವರ್ಟರ್ ಬೇಡ, ಅದೇ ಒಂದಿಷ್ಟು ತಿನ್ನುತ್ತದೆ. ಬ್ಯಾಟರಿ ಮೂರು ವರ್ಷಕ್ಕೆ ಬದಲಿಸಬೇಕಾದೀತು ಅಂತ ಸಂಘ ಪ್ರತಿ ತಿಂಗಳ ಕಲೆಕ್ಷನ್ನಿನಿಂದ ಅದರ ದುಡ್ಡನ್ನು ಮೊದಲೇ ಎತ್ತಿಡುತ್ತದೆ, ಉಳಿದದ್ದರಲ್ಲಿ ಫೈಬರ್ ಬಿಲ್ಲು.